ಮೇಷ್ಟ್ರಿಗೆ ಮಕ್ಕಳ ಆಜ್ಞೆ

ಸೆಲಿನ್ ಟೀಚರ್, ಆ ಪಾಠ ನನ್ನದಲ್ಲ, ನಿಮ್ಮದು. ತುಂಬಿದ ಸಭೆಯಲ್ಲಿ, ನೀವು ಎರಡನೇ ಸಾಲಿನಲ್ಲಿ ಕೂತಿರುವಾಗಲೇ, ಅದನ್ನು ನನ್ನದೆಂದು ಹೇಳಿಬಿಟ್ಟೆ. ಆರು ವರ್ಷವಾಯಿತು. ಇದೆಲ್ಲ ನಿಮಗೆ ಗೊತ್ತಿರುವುದೇ — ಆದರೂ ಮೊದಲಿನಿಂದ ನಾನೇ ಬಾಯಿಬಿಟ್ಟು ಹೇಳಬೇಕಲ್ಲ.

ವಿಜಯನಗರದ ನಮ್ಮ ಶಾಲೆಯಲ್ಲಿ ಶನಿವಾರ ಲ್ಯಾಟಿನ್ ಕಲಿಸೋಣವೆಂದು ಪ್ರಿನ್ಸಿಪಾಲರಿಗೆ ಹೊಳೆದಾಗ, ಇಂಗ್ಲಿಷ್ ಮೇಷ್ಟ್ರಾದ ನಾನು ಜಂಬದಿಂದ ಕೈಯೆತ್ತಿದೆ. ನನಗೆ ಲ್ಯಾಟಿನ್ನಿನ ಗಂಧಗಾಳಿಯೂ ಇರಲಿಲ್ಲ. ಆಗ ನಾನಿದ್ದದ್ದು ಚಾಮರಾಜಪುರಂನಲ್ಲಿ, ನಿಮ್ಮ ಪಕ್ಕದ ಮನೆಯಲ್ಲಿ. ಚರ್ಚಿನ ಹಳೆಯ ಹಾಡುಗಳಿಂದ ಆ ಭಾಷೆಗೆ ಮನಸೋತು ಕಲಿತಿದ್ದ ನಿವೃತ್ತ ಟೀಚರು ನೀವು. ಬೆಳಿಗ್ಗೆ ನೀವು ಪೂಜೆ ಮುಗಿಸಿ ಚರ್ಚಿನಿಂದ ಬಂದರೆ ವರಾಂಡದಲ್ಲಿ ನನಗೆ ಕಾಫಿ, ಪಾಠ ಎರಡೂ ಸಿಗುತ್ತಿದ್ದವು. ನಾನು ಮಕ್ಕಳಿಗಿಂತ ಒಂದೇ ಪುಟ ಮುಂದಿದ್ದೆ — ಕೆಲವು ವಾರ ಅರ್ಧ ಪುಟ.

ಮೊದಲ ದಿನ ಬೋರ್ಡಿನ ತುಂಬ ವಿಭಕ್ತಿ ಪಟ್ಟಿ ಬರೆದೆ. ಎಂಟನೇ ಕ್ಲಾಸಿನ ಮಕ್ಕಳು ಆಕಳಿಸಿದರು. ಸಪ್ಪೆ ಮುಖ ಹೊತ್ತು ಬಂದ ನನ್ನನ್ನು ನೋಡಿ ನಕ್ಕಿರಿ.

"ಬುಡು ಕಣೋ. ನೀನು ಹೇಳಿ ಅವ್ರು ಮಾಡೋದಲ್ಲ. ಅವ್ರು ಹೇಳ್ಲಿ, ನೀನು ಮಾಡು."

ಮಗು ಲ್ಯಾಟಿನ್ನಿನಲ್ಲಿ ಸರಿಯಾಗಿ ಆಜ್ಞೆ ಕೊಟ್ಟರೆ ಮೇಷ್ಟ್ರು ಪಾಲಿಸಲೇಬೇಕು, ತಪ್ಪಿದ್ದರೆ ಕಲ್ಲಿನಂತೆ ನಿಲ್ಲಬೇಕು. ಇಷ್ಟೇ ನಿಮ್ಮ ನಿಯಮ. "ಸುರ್ಜೆ" ಎಂದರೆ ಎದ್ದೆ, "ಸೆದೆ" ಎಂದರೆ ಕೂತೆ. "ಆಪೆರಿ ಯಾನುಆಮ್" ಎಂದು ಒಬ್ಬಳು ನನ್ನಿಂದ ಹನ್ನೊಂದು ಸಲ ಬಾಗಿಲು ತೆಗೆಸಿದಳು. ಮೇಷ್ಟ್ರನ್ನು ಕುಣಿಸುವ ಆಸೆಗೇ ಮಕ್ಕಳು ಮನೆಯಲ್ಲಿ ಕೂತು ಕಲಿತರು. ಪ್ರತಿ ಶನಿವಾರ ವರದಿ ಒಪ್ಪಿಸುವಾಗ ನೀವು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಿರಿ. ಆ ನಗು ನನಗೆ ಬಹಳ ಇಷ್ಟವಾಗಿತ್ತು.

ಒಂದು ದಿನ ಲೋಟ ತೊಳೆಯುತ್ತ, ನನ್ನ ಕಡೆ ನೋಡದೆ, ಕೇಳಿದಿರಿ — "ಒಂದ್ ಕ್ಲಾಸು ನಂಗೂ ಕೊಡುಸ್ತೀಯಾ? ಸಂಬಳ ಗಿಂಬಳ ಬೇಡ. ಮಕ್ಕಳ ಮುಂದೆ ಇನ್ನೊಂದ್ಸಲ ನಿಂತ್ಕೋಬೇಕು ಅನ್ಸುತ್ತೆ."

ಕೇಳುತ್ತೇನೆ ಎಂದೆ. ಕೇಳಲಿಲ್ಲ. ನಿಮ್ಮ ಪಾಠ ಒಂದು ಸಲ ಕೇಳಿದರೆ ಸಾಕು, ನನ್ನ ಲ್ಯಾಟಿನ್ ಎಲ್ಲಿಂದ ಬರುತ್ತಿದೆಯೆಂದು ಮಕ್ಕಳಿಗೆ ತಿಳಿದುಬಿಡುತ್ತದೆ — ಆ ಭಯ.

ಬೇರೆ ಶಾಲೆಯ ಮೇಷ್ಟ್ರುಗಳಿಗೆ ನಮ್ಮ ತರಗತಿ ತೋರಿಸಿದ ದಿನ ನಿಮ್ಮನ್ನೂ ಕರೆದಿದ್ದೆ. ಈ ಉಪಾಯ ಯಾರದೆಂದು ಪ್ರಿನ್ಸಿಪಾಲರು ಎಲ್ಲರೆದುರು ಕೇಳಿದರು. ನೀವು ತಲೆಯೆತ್ತಿ ನನ್ನನ್ನೇ ನೋಡಿದಿರಿ, ಮುಖದಲ್ಲಿ ಆಗಲೇ ಸಣ್ಣ ನಾಚಿಕೆ.

"ನಂದೇ ಸಾರ್" ಎಂದೆ.

ಎಲ್ಲರ ಜೊತೆ ನೀವೂ ಚಪ್ಪಾಳೆ ತಟ್ಟಿದಿರಿ. ವಾಪಸು ಬರುವಾಗ ಆಟೋದಲ್ಲಿ, ಮಕ್ಕಳು ಚೆನ್ನಾಗಿ ಕಲಿತಿವೆ ಎಂದಷ್ಟೇ ಹೇಳಿದಿರಿ. ಕ್ಲಾಸಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನು ಕೆಲಸದ ನೆಪ ಹೇಳಿ ಬೆಳಗಿನ ಪಾಠ ತಪ್ಪಿಸಿದೆ, ಆಮೇಲೆ ಮನೆಯನ್ನೇ ವಿಜಯನಗರಕ್ಕೆ ಬದಲಾಯಿಸಿದೆ. ನಿಮ್ಮ ನಿಯಮ ಮಾತ್ರ ಬಿಡಲಿಲ್ಲ. ಅದರಿಂದಲೇ ಹೆಸರು ಮಾಡಿದೆ.

ಕಳೆದ ಶನಿವಾರ, "ಸಾರ್, ನಿಮ್ಗೆ ಲ್ಯಾಟಿನ್ ಯಾರು ಕಲಿಸಿದ್ದು?" ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಯಾಕೋ ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ. ಅವಳು ಎದ್ದು ನಿಂತಳು.

"ವೋಕಾ ಮಜಿಸ್ತ್ರಾಮ್."

ಟೀಚರನ್ನು ಕರೆಯಿರಿ. ನಾನು ಕಲ್ಲಿನಂತೆ ನಿಂತೆ.

"ಸರಿಯಾಗೇ ಹೇಳಿದೀನಲ್ವಾ ಸಾರ್?"

ಒಂದು ತಪ್ಪೂ ಇರಲಿಲ್ಲ.

ಪ್ರಿನ್ಸಿಪಾಲರಿಗೂ ಹೇಳಿದ್ದೇನೆ. ಶನಿವಾರದ ಕ್ಲಾಸು ನಿಮಗಾಗಿ ಕಾಯುತ್ತಿದೆ. ನೀವು ಬರಲೇಬೇಕೆಂದಲ್ಲ — ನಿಮ್ಮ ಮಂಡಿ ಹೇಗಿದೆ, ಕಣ್ಣು ಹೇಗಿದೆ, ಅದೂ ನನಗೆ ತಿಳಿಯದು. ಈ ಕಾಗದವನ್ನು ಭಾನುವಾರ ನಾನೇ ತರುತ್ತೇನೆ. ನೀವು ಪೂಜೆಯಿಂದ ಬಂದ ಮೇಲೆ ಬಾಗಿಲ ಕೆಳಗಿನಿಂದ ಒಳಗೆ ಸರಿಸಿ, ವರಾಂಡದಲ್ಲೇ ನಿಂತಿರುತ್ತೇನೆ. ಬಾಗಿಲು ತೆಗೆಯಿರಿ ಎಂದು ಯಾವ ಭಾಷೆಯಲ್ಲೂ ಹೇಳುವ ಹಕ್ಕು ನನಗಿಲ್ಲ.