ಎಳ್ಳಮಾವಾಸ್ಯೆಯ ದಿನ ಉಪ್ಪಲ್‌ನಲ್ಲಿ ಪರೀಕ್ಷೆ

ಹೈದರಾಬಾದಿಗೆ ಬಂದಿಳಿದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಕ್ಕಳ ಮುಖಗಳು. ಬಸ್ಸಿನ ಬೆನ್ನಿಗೆ, ಮೇಲ್ಸೇತುವೆಯ ಕಂಬಕ್ಕೆ, ಅಂಗಡಿಗಳ ಮಾಳಿಗೆಗೆ, ಎಲ್ಲೆಲ್ಲೂ ಹದಿನೇಳರ ಹುಡುಗ ಹುಡುಗಿಯರ ಫೋಟೋ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಒಂದು ನಂಬರು. ನಮ್ಮ ಕಡೆ ಹಾಗೆ ಫೋಟೋ ಹಾಕಿದರೆ ಒಂದೋ ಚುನಾವಣೆಗೆ ನಿಂತಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ಆಟೋದಲ್ಲಿ ಕೂತಿದ್ದ ನಾನು, ಇಷ್ಟೊಂದು ಮಕ್ಕಳಿಗೆ ಏನಾಯಿತು ಎಂದು ಗಾಬರಿಯಿಂದ ನಮ್ಮನೆಯವರನ್ನು ಕೇಳಿದೆ. ಅವು ಪರೀಕ್ಷೆಯ ರ್‍ಯಾಂಕುಗಳು ಎಂದರು. ನನ್ನ ಗಾಬರಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಏಕೆಂದರೆ ಪಕ್ಕದಲ್ಲಿ ಭಾಗ್ಯ ಕೂತಿದ್ದಳು. ನನ್ನ ಒಬ್ಬಳೇ ಮಗಳು, ಸೇಡಂನ ಕನ್ನಡ ಶಾಲೆಯಲ್ಲಿ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದವಳು.

ನಮ್ಮನೆಯವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದಾರೆ. ವರ್ಗವಾಗಿ ಬಂದು ಮಲ್ಕಾಜ್‌ಗಿರಿಯ ಒಂದು ಓಣಿಯಲ್ಲಿ ಮಾಳಿಗೆಯ ಮೇಲಿನ ಎರಡು ಕೋಣೆ ಹಿಡಿದೆವು. ಸೇಡಂನಲ್ಲಿ ಬಾಗಿಲು ತೆರೆದರೆ ಅಂಗಳ, ಇಲ್ಲಿ ತೆರೆದರೆ ಎದುರು ಮನೆಯವರ ಅಡುಗೆಮನೆ. ಅವರು ಏನು ಒಗ್ಗರಣೆ ಹಾಕುತ್ತಾರೆ ಎಂಬುದು ನನಗೆ ಗೊತ್ತು, ಅವರ ಹೆಸರು ಮಾತ್ರ ನಾಲ್ಕು ತಿಂಗಳು ಗೊತ್ತಿರಲಿಲ್ಲ. ಸಂಜೆ ಓಣಿಯ ತುದಿಯಲ್ಲಿ ಹೆಂಗಸರು ಒಲೆ ಹೂಡಿ ಜೋಳದ ರೊಟ್ಟಿ ಮಾರುತ್ತಾರೆ, 'ಜೊನ್ನ ರೊಟ್ಟೆ' ಅನ್ನುತ್ತಾರೆ. ನಮ್ಮ ಜೋಳವೇ, ಆದರೆ ರೊಟ್ಟಿಯನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ ನನಗೆ ನಾಚಿಕೆ. ಸೇಡಂ ಗಡಿಯ ಊರಾದ್ದರಿಂದ ತೆಲುಗು ನನ್ನ ಕಿವಿಗೆ ಹೊಸದಲ್ಲ, ನಾಲಿಗೆಗೆ ಹೊಸದು. ಆಡಿ ನಗೆಗೀಡಾಗುವುದು ಬೇಡವೆಂದು ಎಲ್ಲಿ ಹೋದರೂ ಹರಕು ಹಿಂದಿಯಲ್ಲೇ ಸಾಗಿಸುತ್ತಿದ್ದೆ.

ಭಾಗ್ಯಳನ್ನು ಇಂಟರ್‌ಗೆ ಸೇರಿಸಿದೆವು. ಇಂಟರ್ ಎಂದರೆ ನಮ್ಮ ಪಿಯುಸಿಯೇ. ಬೆಳಿಗ್ಗೆಯಿಂದ ಕತ್ತಲಾಗುವ ತನಕ ಪಾಠ, ವಾರಕ್ಕೊಂದು ಪರೀಕ್ಷೆ, ಅಂಕದ ಪ್ರಕಾರ ಬೆಂಚು. ನನ್ನ ಮಗಳು ಆಗಸ್ಟಿನ ಹೊತ್ತಿಗೆ ಕೊನೆಯ ಬೆಂಚು ಮುಟ್ಟಿದಳು. ಇಂಗ್ಲಿಷಿನ ಪಾಠವನ್ನು ತೆಲುಗಿನಲ್ಲಿ ವಿವರಿಸಿದರೆ ಕನ್ನಡದಲ್ಲಿ ಯೋಚಿಸುವ ಹುಡುಗಿಗೆ ಏನು ಉಳಿಯುತ್ತದೆ? ಮನೆಗೆ ಬಂದರೆ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ನನಗೆ ಆ ಗೋಡೆಗಳ ಮೇಲಿನ ಮುಖಗಳ ಮೇಲೆಲ್ಲ ಸಿಟ್ಟು ಬರುತ್ತಿತ್ತು, ಪಾಪ, ಅವರೇನು ಮಾಡಿದ್ದರು.

ಹೀಗಿರುವಾಗ ನಮ್ಮನೆಯವರ ಸಹೋದ್ಯೋಗಿಯೊಬ್ಬರು ಉಪ್ಪಲ್‌ನ ಒಂದು ಕಮ್ಯೂನಿಟಿ ಕಾಲೇಜಿನ ವಿಷಯ ಹೇಳಿದರು. ಅಲ್ಲಿ ಇಂಟರ್ ಓದುವ ಮಕ್ಕಳೂ ಭಾನುವಾರ ಬಂದು ಮುಂದಿನ ಪದವಿಯ ಒಂದೊಂದು ವಿಷಯವನ್ನು ಈಗಲೇ ಕಲಿತು ಪಾಸು ಮಾಡಬಹುದಂತೆ. ಹಾಗೆ ಗಳಿಸಿದ ಕ್ರೆಡಿಟ್, ಅಂದರೆ ಆ ವಿಷಯ ಪಾಸಾದ ಲೆಕ್ಕ, ಮುಂದೆ ಪದವಿಗೆ ಸೇರಿದಾಗ ಕೈಬಿಡುವುದಿಲ್ಲ. ನಾಳೆಯ ಅಡುಗೆಗೆ ಇಂದೇ ಕಾಳು ನೆನೆಹಾಕಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಮೊದಲ ವರ್ಷ ಒಂದು ವಿಷಯ, ಎರಡನೆಯ ವರ್ಷ ಇನ್ನೊಂದು. ಮೊದಲನೆಯದು ಹೋದರೆ ಎರಡನೆಯದಕ್ಕೆ ಸೇರಿಸಿಕೊಳ್ಳುವುದಿಲ್ಲ. ಎರಡೂ ಪಾಸಾದವರಿಗೆ ಅಲ್ಲಿನ ಲ್ಯಾಬ್ ಕೋರ್ಸಿನಲ್ಲಿ ಸೀಟು ಖಾತ್ರಿ.

ಭಾಗ್ಯ ರಕ್ತಪರೀಕ್ಷೆಯ ವಿಷಯ ತೆಗೆದುಕೊಂಡಳು. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಗುರುತಿಸಬೇಕು. ಮೂರನೆಯ ವಾರ ಪಾಠ ಮಾಡುವ ಸ್ವರೂಪಾ ಮೇಡಂ ಇವಳ ಪಟ್ಟಿಯನ್ನು ಬೆಳಕಿಗೆ ಹಿಡಿದು, ಹೀಗೆ ಎಳೆಯಬೇಕು ಎಂದು ಉಳಿದವರಿಗೆ ತೋರಿಸಿದರಂತೆ. ಅಂದು ಮನೆಗೆ ಬಂದು ನಾಲ್ಕು ರೊಟ್ಟಿ ತಿಂದಳು. ಆ ಕಾಲೇಜು ನಮಗೆ ಏನಾಗಿತ್ತು ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಇಂಥದ್ದನ್ನು ಕೆಡಿಸಲು ಹೊರಟವಳು ನಾನೇ.

ಡಿಸೆಂಬರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ತಾರೀಕು ಬಂತು. ಭಾಗ್ಯ ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಕಲಬುರಗಿಯಿಂದ ತಂದದ್ದು. ಅದೇ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ಅಂದು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಡಬು, ಕಾಳು ಸೊಪ್ಪಿನ ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಅಡುಗೆಯ ಒಂದು ಪಾಲನ್ನು ಬೆಳೆಯ ಸುತ್ತ ಚೆಲ್ಲುತ್ತೇವೆ, ಅದಕ್ಕೆ ಚರಗ ಎನ್ನುತ್ತಾರೆ. ನನ್ನ ಮೈದುನ ಚರಗ ಚೆಲ್ಲುತ್ತಾ ಹೋದರೆ ಹಿಂದೆ ತಂಬಿಗೆ ಹಿಡಿದು ನೀರು ಹಾಕುವವಳು ಭಾಗ್ಯ, ಐದು ವರ್ಷದವಳಿದ್ದಾಗಿನಿಂದ. ಅಂದು ಶಾಲೆ ತೆರೆದಿದ್ದರೂ ಮಕ್ಕಳಿರುವುದಿಲ್ಲ.

"ಅವ್ವಾ, ಇಲ್ಲಿ ಆ ದಿನ ಸೂಟಿ ಇಲ್ಲಂತ," ಎಂದಳು.

"ಎಳ್ಳಮಾಸಿ ದಿನ ಯಾರರೆ ಪರೀಕ್ಷಾ ಇಡ್ತಾರೇನವ್ವಾ? ಕ್ಯಾಲೆಂಡರ್‌ನಾಗೇ ಅದ ನೋಡು. ಮುಂದ ಹಾಕ್ತಾರ," ಎಂದೆ.

ವಾರ ಬಿಟ್ಟು ಮತ್ತೊಮ್ಮೆ ಕೇಳಿದಳು. ಮತ್ತೆ ಹಾಗೇ ಹೇಳಿದೆ. ಒಂದು ಫೋನು ಮಾಡಿ ಕೇಳಿದ್ದರೆ ಮುಗಿದಿತ್ತು, ಆದರೆ ಫೋನಿನಲ್ಲಿ ತೆಲುಗು ಮಾತಾಡಬೇಕಿತ್ತು. ಆರು ತಿಂಗಳಿಂದ ಊರು ಕಾಣದೆ ಜೀವ ಹಪಹಪಿಸುತ್ತಿತ್ತು ಎಂಬುದೂ ನಿಜ. ಮಗಳು ಅವ್ವನ ಮಾತು ನಂಬಿದಳು. ನಮ್ಮನೆಯವರಿಗೆ ಡ್ಯೂಟಿ, ನಾವಿಬ್ಬರೇ ಹೊರಟೆವು.

ಹಬ್ಬದ ದಿನ ಬೆಳಿಗ್ಗೆ ಹೊಲದ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡುತ್ತಿದ್ದೆವು. ತೊಗರಿ ಎದೆಯೆತ್ತರ ನಿಂತಿತ್ತು. ಭಾಗ್ಯಳ ಫೋನು ಬಡಿದುಕೊಂಡಿತು, ಅವಳ ಜೊತೆಯ ಹುಡುಗಿ. ಪರೀಕ್ಷೆ ಹನ್ನೊಂದಕ್ಕೆ ಶುರು, ನಿನ್ನ ಸರದಿ ಹನ್ನೆರಡಕ್ಕೆ, ಕೊನೆಯ ತಂಡ ಎರಡಕ್ಕೆ, ಎಲ್ಲಿದ್ದೀ ಎಂದು ಕೇಳಿದಳಂತೆ. ಭಾಗ್ಯ ಅಳಲಿಲ್ಲ. ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕಿಟ್ಟು ನನ್ನ ಮುಖ ನೋಡಿದಳು.

ಚರಗ ಆಗುವ ಮೊದಲು ಹೊಲ ಬಿಡಬಾರದು ಎಂದು ಅತ್ತೆ ಅಡ್ಡ ನಿಂತರು. ಅವರ ಮಾತು ಮೀರಿದ್ದು ನನ್ನ ಸಂಸಾರದಲ್ಲಿ ಅದೇ ಮೊದಲು. ಮೈದುನ ಇಬ್ಬರನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಓಡಿಸಿದ. ಹತ್ತರ ಸುಮಾರಿನ ರೈಲು ಸಿಕ್ಕಿತು. ತಾಂಡೂರು, ವಿಕಾರಾಬಾದ್ ದಾಟುವ ತನಕ ಭಾಗ್ಯ ಫೋನಿನಲ್ಲಿ ಗಂಟೆ ನೋಡುತ್ತಲೇ ಇದ್ದಳು. ಲಿಂಗಂಪಲ್ಲಿಯ ಹೊರಗೆ ಸಿಗ್ನಲ್ ಸಿಗದೆ ರೈಲು ನಿಂತುಬಿಟ್ಟಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸಿಗ್ನಲ್ಲಿನವನ ಹೆಂಡತಿ ಸಿಗ್ನಲ್ಲಿಗೇ ಶಾಪ ಹಾಕುತ್ತಾ ಕೂತಿದ್ದೆ. ಬೇಗಂಪೇಟೆಯಲ್ಲಿ ಇಳಿದು ಮೆಟ್ರೋ ಹಿಡಿದು ಉಪ್ಪಲ್ ತಲುಪಿ ಕಾಲೇಜಿನ ಗೇಟು ಹೊಕ್ಕಾಗ ಎರಡೂ ಇಪ್ಪತ್ತೈದು.

ಸ್ವರೂಪಾ ಮೇಡಂ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ತಡವಾಗಿ ಬಂದವರು ಗೈರುಹಾಜರಿ, ಅದು ನಿಯಮ ಎಂದರು. ನನ್ನ ಹಿಂದಿ ಅಲ್ಲಿ ಕೈಕೊಟ್ಟಿತು. ಎಲ್ಲಿಂದ ಬಂತೋ, ಬಾಯಿಯಿಂದ ತೆಲುಗು ಬಂತು.

"ತಪ್ಪು ನಾದಿ ಮೇಡಂ, ಪಿಲ್ಲದಿ ಕಾದು," ಎಂದೆ. ತಪ್ಪು ನನ್ನದು, ಹುಡುಗಿಯದಲ್ಲ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರೆ, ನಾನು ಬಂದದ್ದು ಹೀಗೆ. ಮೇಡಂ ನನ್ನ ಸೀರೆಗೆ ಅಂಟಿದ್ದ ಹೊಲದ ಮಣ್ಣು ನೋಡಿದರು. ಅಮಾವಾಸ್ಯೆಯ ಹಬ್ಬಕ್ಕೆ ಊರಿಗೆ ಹೋಗಿದ್ದೆವು ಎಂದೆ. ಈ ಅಮಾವಾಸ್ಯೆಗೆ ಏನು ಹಬ್ಬ ಎಂದು ಕೇಳಿದರು. ತಡವರಿಸುತ್ತಾ ಹೇಳಿದೆ. ಅವರು ಹಾಜರಿ ಪುಸ್ತಕ ನೋಡಿ, ಕೊನೆಯ ತಂಡದಲ್ಲಿ ಒಂದು ಜಾಗ ಖಾಲಿ ಇದೆ, ಮೂರು ಗಂಟೆಗೆ ಎಲ್ಲರ ಜೊತೆ ಏಳಬೇಕು, ಒಂದು ನಿಮಿಷವೂ ಹೆಚ್ಚು ಕೊಡುವುದಿಲ್ಲ, ತಡಕ್ಕೆ ಕಾರಣವನ್ನು ತಾಯಿ ಬರೆದು ಸಹಿ ಹಾಕಬೇಕು ಎಂದರು. ತೆಲುಗು ಬರೆಯಲು ಬರುವುದಿಲ್ಲ ಎಂದೆ. ನಿಮಗೆ ಬರುವುದರಲ್ಲಿ ಬರೆಯಿರಿ ಎಂದರು. ಕನ್ನಡದಲ್ಲಿ ಬರೆದೆ: ಪರೀಕ್ಷೆ ಇರುವುದಿಲ್ಲವೆಂದು ಮಗಳಿಗೆ ಹೇಳಿದವಳು ನಾನು, ತಪ್ಪು ನನ್ನದು.

ಕಿಟಕಿಯ ಸರಳಿನಿಂದ ನೋಡುತ್ತಾ ನಿಂತೆ. ಮೊದಲ ಪಟ್ಟಿಯಲ್ಲಿ ರಕ್ತ ಮುದ್ದೆಯಾಯಿತು. ಅದನ್ನು ಪಕ್ಕಕ್ಕಿಟ್ಟಳು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಉಸಿರು ತೆಗೆದುಕೊಂಡು, ಇನ್ನೊಂದು ಪಟ್ಟಿ ಎತ್ತಿಕೊಂಡು ಒಂದೇ ಸಲಕ್ಕೆ ಎಳೆದಳು. ಆಮೇಲೆ ನನಗೆ ನೋಡಲಾಗಲಿಲ್ಲ, ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತೆ. ಹಿಂದಿರುಗುವಾಗ ಮೆಟ್ರೋದಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಇನ್ನ ಮ್ಯಾಲ ತಾರೀಕ ನಾನೇ ನೋಡ್ತೀನವ್ವಾ." ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ತಲೆಯಾಡಿಸಿದೆ.

ಪಾಸಾಗಲು ಎಷ್ಟು ಬೇಕೋ ಅದಕ್ಕಿಂತ ಎರಡು ಅಂಕ ಹೆಚ್ಚು ಬಂತು. ಕ್ರೆಡಿಟ್ ಅವಳದಾಯಿತು. ಈಗ ನಾನು ತರಕಾರಿಯವನ ಜೊತೆ ತೆಲುಗಿನಲ್ಲೇ ಜಗಳವಾಡುತ್ತೇನೆ, ಎದುರು ಮನೆಯವರಿಗೆ ನನ್ನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹೋಗುತ್ತದೆ, ಅವರ ಗೋಂಗೂರ ಸೊಪ್ಪಿನ ಉಪ್ಪಿನಕಾಯಿ ಬರುತ್ತದೆ.

ಈ ವರ್ಷ ಎರಡನೆಯ ವಿಷಯದ ಪರೀಕ್ಷೆ. ತಾರೀಕು ಬಂದ ದಿನವೇ ಭಾಗ್ಯ ಕಾಲೇಜಿಗೆ ಫೋನು ಮಾಡಿ ಖಚಿತ ಮಾಡಿಕೊಂಡಳು. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ. ಊರಿಗೆ ಹೋಗಿ ರಾತ್ರಿಗೆ ಬಂದುಬಿಡಬಹುದಲ್ಲ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಲಿಂಗಂಪಲ್ಲಿಯ ಸಿಗ್ನಲ್ ನೆನಪಾಗಿ ನುಂಗಿಕೊಂಡೆ. "ನೀ ಇಲ್ಲೇ ಇರು," ಎಂದೆ. ಅವಳು ನನ್ನನ್ನೇ ನೋಡಿ, ಪುಸ್ತಕಕ್ಕೆ ತಿರುಗಿದಳು.

ಒಬ್ಬಳೇ ಹೋದೆ. ಅದೇ ಬನ್ನಿಗಿಡ, ಅದೇ ತೊಗರಿ. ಮೈದುನ ಚರಗದ ಬುಟ್ಟಿ ಎತ್ತಿಕೊಂಡ. ಅತ್ತೆ ಸುತ್ತ ನೋಡಿದರು.

"ನೀರ ಯಾರ ಹಾಕ್ತಾರ? ಹೋದ ವರ್ಷ ನಡುವೇ ಬಿಟ್ಟು ಓಡಿಸಿದಿ, ಈ ವರ್ಷ ಹುಡುಗೀನ ಕರ್ಕೊಂಡೇ ಬರ್ಲಿಲ್ಲ. ಹೊಲಾ ಮರಿಸೀದಿ ಅಕಿಗಿ."

ಪರೀಕ್ಷೆ, ಕ್ರೆಡಿಟ್, ಸೀಟು, ಎಲ್ಲ ಹೇಳಬಹುದಿತ್ತು. ಹೇಳಿದರೆ ಅವರಿಗೆ ತಿಳಿಯುತ್ತಿತ್ತು ಕೂಡ, ಅವರೇನು ದಡ್ಡರಲ್ಲ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ತಪ್ಪು ನಂದೇ ಅದರಿ ಅತ್ತಿ," ಎಂದೆ.

ಉಪ್ಪಲ್‌ನಲ್ಲಿ ಬರೆದುಕೊಟ್ಟ ಮಾತನ್ನೇ ಸೇಡಂನ ಹೊಲದಲ್ಲೂ ಹೇಳಿದೆ. ಅಲ್ಲಿ ಊರನ್ನು ಬಿಡಲಾರದ್ದಕ್ಕೆ ತಪ್ಪಿತಸ್ಥೆ, ಇಲ್ಲಿ ಬಿಟ್ಟದ್ದಕ್ಕೆ. ಅಲ್ಲಿ ಒಪ್ಪಿಕೊಂಡ ಮೇಲೆ ಬಾಗಿಲು ತೆರೆದಿದ್ದರು. ಇಲ್ಲಿ ಅತ್ತೆ ತಂಬಿಗೆಯನ್ನು ನನ್ನ ಕಡೆ ಚಾಚಿದರು. ತೆಗೆದುಕೊಂಡು ಮೈದುನನ ಹಿಂದೆ ನಡೆದೆ.