ಕೂರಿಸಿ ತೆಗೆದ ಫೋಟೋ

ಶಹಾಬಾದದ ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸ, ಜನ ತಂದುಕೊಟ್ಟ ಫೋಟೋಗಳನ್ನು ಜೋಡಿಸಿ ವಿಡಿಯೋ ಮಾಡುವುದು. ಚೌಕಟ್ಟು ಅಲ್ಲೇ ಇರುತ್ತದೆ. ಒಳಗಿನ ಫೋಟೋ ಮೆಲ್ಲಗೆ ಸರಿಯುತ್ತದೆ, ಇಲ್ಲವೇ ದೊಡ್ಡದಾಗುತ್ತದೆ. ದಿನಕ್ಕೆಷ್ಟು ಫೋಟೋ ಮುಗಿದವು ಎಂದು ಡೈರಿಯಲ್ಲಿ ಬರೆದಿಡುತ್ತೇನೆ. ಆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಒಂದು ವಿಡಿಯೋದ ಹನ್ನೊಂದು ಫೋಟೋಗಳಲ್ಲಿ ಹತ್ತು ಮುಗಿದಿದ್ದವು.

ಅಜ್ಜಿಯೊಬ್ಬರ ಮೊದಲ ವರ್ಷದ ಪುಣ್ಯಸ್ಮರಣೆಗೆ ಅವರ ಮಗಳು ಮಾಡಿಸುತ್ತಿದ್ದ ವಿಡಿಯೋ ಅದು. ಹತ್ತೂ ಮದುವೆ, ತೊಟ್ಟಿಲು ಕಾರ್ಯಗಳ ಗುಂಪು ಫೋಟೋಗಳು. ಅಜ್ಜಿ ಒಬ್ಬರೇ ಇದ್ದದ್ದು ಹನ್ನೊಂದನೆಯದರಲ್ಲಿ ಮಾತ್ರ. ತೀರಿಕೊಂಡ ದಿನ, ನಮ್ಮ ಕಡೆಯ ಪದ್ಧತಿಯಂತೆ ಶವವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ತೆಗೆದದ್ದು.

"ಮುಖಕ್ಕ ಝೂಮ್ ಹಾಕು. ಆ್ಯಪ್‌ನಾಗ ಕಣ್ಣ ತೆರಸಿ ಒಂದೀಟು ನಗಸು," ಎಂದರು ಮಾಲೀಕರು.

ಹೇಳಿದಂತೆ ಮಾಡಿದೆ. ಮುಖ ಹತ್ತಿರ ಬಂದಂತೆ ಯಾರದೋ ಕಣ್ಣು ಅದರಲ್ಲಿ ಪಿಳಿಪಿಳಿ ಎಂದಿತು. ತುಟಿ ಜಗ್ಗಿ, ಸಾಲಾಗಿ ಬಿಳಿ ಹಲ್ಲು ಕಾಣಿಸಿದವು. ಅದು ಅಜ್ಜಿಯ ಮುಖವಲ್ಲ ಎನ್ನಿಸಿದರೂ ಹಾಗೆಯೇ ಸೇವ್ ಮಾಡಿ, ಡೈರಿಯಲ್ಲಿ ಹನ್ನೊಂದು ಎಂದು ಬರೆದೆ.

ಸಂಜೆ ಅಜ್ಜಿಯ ಮಗಳು ಬಂದು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇಕಿ ಯಾರ್ರಿ? ನಮ್ಮವ್ವಗ ಹಲ್ಲೇ ಇದ್ದಿಲ್ಲ."

"ನೋಡೋ ಮಂದಿ ಖುಷ್ ಆಗ್ತಾರ ಬಿಡ್ರಿ ಅಕ್ಕಾ," ಎಂದರು ಮಾಲೀಕರು.

"ಮಂದಿಗಿ ಬ್ಯಾರೆ ಅವ್ವ ಹುಡುಕಿ ಕೊಡ್ರಿ. ನಮ್ಮವ್ವಗ ಸುಮ್ನ ಕುಂದ್ರಲಾಕ ಬಿಡ್ರಿ."

ಮಾಲೀಕರತ್ತ ನೋಡದೆ ಕಣ್ಣು, ನಗು, ಝೂಮ್ ಎಲ್ಲವನ್ನೂ ಅಳಿಸಿದೆ. ಫೋಟೋ ಚೌಕಟ್ಟಿನಲ್ಲಿ ಅಲ್ಲಾಡದೆ ನಿಂತಿತು. ಈ ಕೆಲಸ ಮಧ್ಯಾಹ್ನವೇ ಮಾಡಬಹುದಿತ್ತು. ಆ ಹಲ್ಲುಗಳನ್ನು ಮಗಳೇ ನೋಡುವವರೆಗೆ ಬಿಟ್ಟೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.