ಆರ್ವಿಲ್ ಕೇಳಿದ ಹಾಡು

ವರ್ಡಿ ಸ್ಟಿಡಮ್‌ಳ ದನಿ ಗ್ರಾಮಫೋನ್ ತಟ್ಟೆಯ ಮೇಲೆ ಇದ್ದದ್ದು ಮೂರು ನಿಮಿಷವೂ ಅಲ್ಲ. ಅದೂ ಮುಂದಿನ ದನಿಯಲ್ಲ, ಹಿಂದೆ ನಿಂತು ಕೂಡಿಕೊಳ್ಳುವ ದನಿ. ಅಷ್ಟಕ್ಕೇ ಗಂಡಹೆಂಡಿರಿಬ್ಬರೂ ಸಭೆಯಿಂದ ಹೊರಬಿದ್ದರು.

ಕೆಂಟಕಿಯ ಆ ಕಣಿವೆಯಲ್ಲಿ ಗಂಡಸರು ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದರು, ಹೆಂಗಸರು ಅವರು ಮೇಲೆ ಬರುವುದನ್ನು ಕಾಯುತ್ತಿದ್ದರು. ಹಳ್ಳದ ದಂಡೆಯ ಬ್ಯಾಪ್ಟಿಸ್ಟ್ ಸಭೆ ಸೇರುತ್ತಿದ್ದದ್ದು ತಿಂಗಳಿಗೊಮ್ಮೆ. ಮೊದಲ ಶನಿವಾರ ತಪ್ಪುಒಪ್ಪುಗಳ ವಿಚಾರಣೆ, ಮರುದಿನ ಪ್ರಾರ್ಥನೆ. ವಾದ್ಯಕ್ಕೆ ಅಲ್ಲಿ ಹೊಸ್ತಿಲು ದಾಟುವ ಅಪ್ಪಣೆಯಿಲ್ಲ. ಹಿರಿಯನೊಬ್ಬ ಸಾಲು ಕೊಡಬೇಕು, ಅಂದರೆ ಹಾಡಿನ ಒಂದು ಸಾಲನ್ನು ಚುಟುಕಾಗಿ ಒಪ್ಪಿಸಬೇಕು. ಸಭೆಯೆಲ್ಲ ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡಬೇಕು. ವರ್ಡಿಯ ಗಂಡ ಆರ್ವಿಲ್ ಹದಿನೆಂಟು ವರ್ಷ ಅಲ್ಲಿ ಸಾಲು ಕೊಟ್ಟವನು.

ಡಾರ್ಸಿ ಕ್ವಿಲ್ ಎಂಬ ಗಾಯಕ ಪಕ್ಕದ ಕಣಿವೆಯವನು. ಹೆಂಡ, ಓಡಿಹೋದ ಹೆಂಡತಿ, ಇವೆರಡನ್ನೇ ಹಾಡಿ ದೊಡ್ಡ ಮನುಷ್ಯನಾದವನು. ಅವ್ವ ತೀರಿಕೊಂಡ ವರ್ಷ ಅವನಿಗೆ ದೇವರು ನೆನಪಾದ. ಆ ಜಾತಿಯ ಗಾಯಕರೆಲ್ಲ ಒಂದಲ್ಲ ಒಂದು ದಿನ ದೇವರ ಹಾಡುಗಳದೊಂದು ತಟ್ಟೆ ಮಾಡಿಯೇ ಮಾಡುತ್ತಾರೆ. ಸಭೆಯಲ್ಲಿ ಅವ್ವನ ಪಕ್ಕ ಕೂತು ಹಾಡುತ್ತಿದ್ದ ವರ್ಡಿಯನ್ನು ನೆನೆದು ಅವನು ತಟ್ಟೆಗಳು ತಯಾರಾಗುವ ನ್ಯಾಶ್‌ವಿಲ್‌ನಿಂದ ಕಾರು ಕಳಿಸಿದ. ಅವಳು ಹೋದಳು, ಹಾಡಿದಳು, ಮರುದಿನ ಬಂದು ಎಂದಿನಂತೆ ಬೀನ್ಸ್ ಬೇಯಿಸಿದಳು. ಚಳಿಗಾಲ ಕಳೆಯುವಷ್ಟರಲ್ಲಿ ಆ ಹಾಡು ಪ್ರತಿ ಭಾನುವಾರ ರೇಡಿಯೋದಲ್ಲಿ ಬರತೊಡಗಿತು, ಗಿಟಾರು ಪಿಟೀಲುಗಳ ಸಮೇತ.

ಸಭೆಯ ಹಿರಿಯ ಬ್ಯಾಲರ್ಡ್ ಶನಿವಾರ ಅವಳನ್ನು ಎಬ್ಬಿಸಿ ನಿಲ್ಲಿಸಿದ. "ವರ್ಡಿ ತಂಗಿ, ತಪ್ಪಾಯ್ತು ಅಂದ್ಬಿಡು. ಅಷ್ಟೇ ಸಾಕು."

ಅವಳು ಬಾಯಿ ಬಿಡಲಿಲ್ಲ. ಆರ್ವಿಲ್ ಎದ್ದ. "ನನ್ ಹೆಂಡ್ತಿ ದೇವರ ಹಾಡು ಹಾಡಿದ್ದು ಕಣಯ್ಯಾ, ಹೆಂಡದಂಗಡಿ ಹಾಡಲ್ಲ. ಅದು ತಪ್ಪಾದ್ರೆ ನನ್ ಹೆಸರೂ ಹೊಡ್ದಾಕು," ಅಂದು ಟೋಪಿ ತೆಗೆದುಕೊಂಡು ನಡೆದ. ಅವನ ಹೆಸರನ್ನೂ ಹೊಡೆದುಹಾಕಿದರು.

ಆರು ವರ್ಷಕ್ಕೆ ಕಲ್ಲಿದ್ದಲ ಧೂಳು ಅವನ ಎದೆಯನ್ನು ತುಂಬಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲೂ ರಾತ್ರಿ ಕಿಟಕಿಗೆ ಒರಗಿ ಕೂತೇ ಇರುತ್ತಿದ್ದ. ವರ್ಡಿ ತನ್ನ ತಟ್ಟೆ ಹಾಕಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದು ದಿನ ಕೈಯೆತ್ತಿ ನಿಲ್ಲಿಸಿದ.

"ಚೆನ್ನಾಗಿದೆ ಕಣೇ. ಆದ್ರೆ ಇದಕ್ಕೆ ನಾನು ಎದುರು ಹಾಡೋ ಹಂಗಿಲ್ಲ. ನನ್ನ ಮಣ್ಣಿಗಿಡೋವಾಗ ಸಭೆಯವ್ರು ಹಾಡ್ಬೇಕು."

"ನಮ್ಮನ್ನ ಹೊರಗಾಕಿರೋರು ಹಾಡ್ತಾರಾ?"

"ನೀನು ಹೋಗಿ ಒಂದು ಮಾತು ಅಂದ್ರೆ ಹಾಡ್ತಾರೆ." ಕೆಮ್ಮು ಬಂತು. ಸುಧಾರಿಸಿಕೊಂಡು, "ನಿಂಗೋಸ್ಕರ ನಾನು ಎದ್ದು ಬಂದೆ. ನಂಗೋಸ್ಕರ ನೀನು ಒಳಗ್ ಹೋಗು," ಅಂದ.

ಮೊದಲ ಶನಿವಾರ ಅವಳು ಹೋದಳು. ಬ್ಯಾಲರ್ಡ್ ಮೆತ್ತಗೆ ಕೇಳಿದ. ವರ್ಡಿ ಮುಂದಿನ ಬೆಂಚು ಹಿಡಿದುಕೊಂಡು ನಿಂತಳು. "ನನ್ ತಪ್ಪೇನೂಂತ ಮೊದ್ಲು ಯಾರಾದ್ರೂ ಹೇಳ್ರಪ್ಪಾ," ಅಂದಳು.

"ಮುಂದಿನ ತಿಂಗಳು ಬಾ ತಂಗಿ," ಅಂದ ಬ್ಯಾಲರ್ಡ್. "ಯೋಚ್ನೆ ಮಾಡ್ಕೊಂಡು ಬಾ."

ಇನ್ನೊಂದು ತಿಂಗಳೇನು ಮಹಾ ಅಂದುಕೊಂಡಳು. ಮನೆಯಲ್ಲಿ ಆರ್ವಿಲ್ ಬಾಗಿಲನ್ನೇ ನೋಡುತ್ತಿದ್ದ.

"ಅಂದ್ಯಾ?"

"ಅಂದೆ."

"ಹಾಡ್ತಾರಂತಾ?"

"ಹಾಡ್ತಾರಂತೆ. ಸುಮ್ನೆ ಕಣ್ಮುಚ್ಕೋ."

ಅವನ ಮುಖ ಅರಳಿದ್ದನ್ನು ಅವಳು ಸಾಯುವ ತನಕ ಮರೆಯಲಿಲ್ಲ. ಅಂದಿನಿಂದ ಅವನಿಗೆ ಅದೇ ಧ್ಯಾನ. ಹಾಡನ್ನು ತಾನೇ ಆರಿಸಿದ. "ಬ್ಯಾಲರ್ಡ್ ಸಾಲು ನುಂಗ್ತಾನೆ. ನಿಧಾನ ಕೊಡು ಅನ್ನು. ಬಿಸಿ ಆಲೂಗಡ್ಡೆ ಬಾಯಲ್ಲಿಟ್ಕೊಂಡೋನ ಥರ ಆಡ್ಬೇಡ ಅನ್ನು," ಎಂದು ನಕ್ಕು, ನಕ್ಕದ್ದಕ್ಕೆ ಕಾಲುಗಂಟೆ ಕೆಮ್ಮಿದ. ಹನ್ನೊಂದನೆಯ ದಿನ ಬೆಳಿಗ್ಗೆ, ವರ್ಡಿ ಕಾಫಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಸಭೆಯವರು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಗುಡ್ಡದ ಮೇಲೆ ಗುಂಡಿ ತೋಡಿದವರು ಅವರೇ. ಅವರ ಹೆಂಗಸರು ಕೋಳಿ ಹುರಿದು, ಮೆಕ್ಕೆಜೋಳದ ರೊಟ್ಟಿ ಸುಟ್ಟು ತಂದರು. ಬ್ಯಾಲರ್ಡ್ ಪೆಟ್ಟಿಗೆಗೆ ಹೆಗಲನ್ನೂ ಕೊಟ್ಟ. ಹಾಡಲಿಲ್ಲ, ಅಷ್ಟೇ. ಹೊರಗಿನವನ ಗುಂಡಿಯ ಬಳಿ ಸಭೆಯ ಹಾಡು ಏಳುವ ರೂಢಿ ಇರಲಿಲ್ಲ. ಕೈಯಲ್ಲಿ ಟೋಪಿ ಹಿಡಿದು, ಬೂಟು ನೋಡಿಕೊಂಡು ನಿಂತರು. ಇಂಥ ಒಳ್ಳೆಯ ಜನ ಇಷ್ಟು ಕಲ್ಲಾಗುವುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೆಟ್ಟಿಗೆ ಇಳಿಯಿತು. ಆಗ ವರ್ಡಿ, ಹೆಂಗಸರು ಎಂದೂ ಮಾಡದ್ದನ್ನು ಮಾಡಿದಳು. ಆರ್ವಿಲ್ ಆರಿಸಿದ್ದ ಹಾಡಿಗೆ ತಾನೇ ಸಾಲು ಕೊಟ್ಟಳು.

"ಹೊಳೆಯಾಚೆ ದೀಪ ಉರಿಯುತಿದೆ, ನನ್ನವರಿನ್ನೂ ಎದ್ದಿಹರು…"

ಯಾರೂ ಎತ್ತಿಕೊಳ್ಳಲಿಲ್ಲ. ಕೆಳಗೆ ಕಲ್ಲಿದ್ದಲ ರೈಲೊಂದು ಹಾದುಹೋಯಿತು. ಅವಳು ಕಾದಳು, ಕಾದು ಉತ್ತರವನ್ನೂ ತಾನೇ ಹಾಡಿದಳು. ಎರಡನೆಯ ಸಾಲು ಕೊಟ್ಟಳು, ಅದನ್ನೂ ತಾನೇ ಹಾಡಿದಳು. ಗುಂಡಿ ತುಂಬುವ ತನಕ ಹಾಗೆಯೇ ನಡೆಯಿತು.

ಮುಂದಿನ ತಿಂಗಳ ಮೊದಲ ಶನಿವಾರ ಅವಳು ಸಭೆಯಲ್ಲಿ ಎದ್ದು, ಯಾರೂ ಕೇಳುವ ಮೊದಲೇ, "ತಪ್ಪಾಯ್ತು," ಅಂದಳು. ಯಾವ ತಪ್ಪೆಂದು ಯಾರೂ ಕೇಳಲಿಲ್ಲ. ಎಲ್ಲರೂ ಅತ್ತರು, ಒಬ್ಬೊಬ್ಬರೇ ಬಂದು ಕೈ ಹಿಡಿದರು. ಯಾವ ಹಾಡು ಬೇಕಮ್ಮ ಎಂದು ಬ್ಯಾಲರ್ಡ್ ವಿಚಾರಿಸಿದ.

"ಆವತ್ತಿಂದೇ. ನಿಧಾನ ಕೊಡಣ್ಣ. ನೀನು ನುಂಗ್ತೀಯಂತೆ, ಆರ್ವಿಲ್ ಹೇಳ್ತಿದ್ದ."

ಬ್ಯಾಲರ್ಡ್ ಒಂದೊಂದು ಮಾತನ್ನೂ ಬಿಡಿಸಿ, ನಿಧಾನವಾಗಿ ಕೊಟ್ಟ. ಸಭೆಯೆಲ್ಲ ಗಂಟಲು ಬಿಚ್ಚಿ ಎತ್ತಿಕೊಂಡಿತು. ವರ್ಡಿಯೊಬ್ಬಳು ಹಾಡಲಿಲ್ಲ.